ಮೂರು ಉರುಳೆಯ ಹುಲ್ಲಿನ ಮಷಿನ್

ಆರಿಸುವ ಕೆಲಸ ನನಗೆ ಆಗಿಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋಟೆಲಿನಲ್ಲಿ ಸಪ್ಲೈಯರ್ ಬಂದು ತಿಂಡಿಗಳ ಹೆಸರನ್ನು ಒಂದೇ ಉಸಿರಿಗೆ ಒದರಿದರೆ ನನಗೆ ಕೊನೆಯದು ಮಾತ್ರ ನೆನಪಿರುತ್ತದೆ, ಅದನ್ನೇ ತರಲು ಹೇಳುತ್ತೇನೆ. ಹೀಗಾಗಿ ಮೂವತ್ತು ವರ್ಷಗಳಿಂದ ನಾನು ಹೊರಗೆ ತಿಂದದ್ದು ಬಹುಪಾಲು ಉಪ್ಪಿಟ್ಟು. ನನಗೆ ಹೆಣ್ಣು ಆರಿಸಿದವರು ಅಪ್ಪ. ಮನೆ ಕಟ್ಟುವ ಸೈಟನ್ನು ಆರಿಸಿದವಳು ಆ ಹೆಣ್ಣು, ಅಂದರೆ ಗಿರಿಜೆ. ನಾನು ಕನ್ನಡ ಎಂ.ಎ. ಮಾಡಿದ್ದು ಕೂಡ ಅರ್ಜಿ ಕೊಡುವ ದಿನ ಆ ಕಿಟಕಿಯ ಮುಂದೆ ಸಾಲು ಚಿಕ್ಕದಿತ್ತು ಎಂಬ ಕಾರಣಕ್ಕೆ. ಇಷ್ಟರ ಮೇಲೂ ಬದುಕು ತಕ್ಕಮಟ್ಟಿಗೆ ನಡೆದುಕೊಂಡು ಬಂದಿತ್ತು. ಕೆಟ್ಟದ್ದು ಹೋದ ವರ್ಷ. ಹುಲ್ಲು ಕತ್ತರಿಸುವ ಯಂತ್ರವೊಂದನ್ನು ನಾನೇ, ಸ್ವಂತ ಬುದ್ಧಿಯಿಂದ, ಆರಿಸಲು ಹೊರಟಾಗ.

ನಮ್ಮ ಮನೆಯಲ್ಲಿ ಹುಲ್ಲು ಏಕಿದೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಶಿಕಾರಿಪುರದ ಹೊರಗೆ, ಶಿರಾಳಕೊಪ್ಪದ ರಸ್ತೆಯಲ್ಲಿ ಹೊಸದಾಗಿ ಆದ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಮನೆಯ ಪಕ್ಕದಲ್ಲಿ ಮೂವತ್ತು ಅಡಿ ಉದ್ದ ಇಪ್ಪತ್ತು ಅಡಿ ಅಗಲದ ಖಾಲಿ ಜಾಗ ಉಳಿದಿತ್ತು. ಅಲ್ಲಿ ನಾಲ್ಕು ಬದನೆ ಗಿಡ, ಒಂದು ಕರಿಬೇವು ಹಾಕಿಕೊಂಡು ಸುಮ್ಮನಿರಬಹುದಿತ್ತು. ಆದರೆ ಮನೆಗೆ ಬಂದ ಹೊಸತರಲ್ಲೇ ಗಿರಿಜೆಗೆ ಹಿಮ್ಮಡಿ ನೋವು ಶುರುವಾಯಿತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೆತ್ತಗಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಧಾನ ಓಡಾಡಿದರೆ ಹಿತವಾಗುತ್ತದೆ ಎಂದರು. ಮಾತ್ರೆ ತಿನ್ನುವುದು ಅವಳ ಪಾಲಿಗೆ, ಹುಲ್ಲು ಬೆಳೆಸುವುದು ನನ್ನ ಪಾಲಿಗೆ ಬಂತು.

ಬಳ್ಳಿಗಾವಿ ಹತ್ತಿರದ ನಮ್ಮೂರಿನಲ್ಲಿ ಅಣ್ಣ ಜೋಳ, ಶುಂಠಿ ಬೆಳೆಯುತ್ತಾನೆ. ಹುಲ್ಲು ನೆಟ್ಟ ಮೇಲೆ ಒಂದು ದಿನ ಬಂದವನು ನಾನು ಅದಕ್ಕೆ ಗೊಬ್ಬರ ಎರಚುತ್ತಿರುವುದನ್ನು ಬಹಳ ಹೊತ್ತು ನೋಡಿದ. "ಹುಲ್ಲು ಕೀಳಕ್ಕೆ ಆಳು ಸಿಗದಿಲ್ಲ ಅಂತ ನಾವು ಅಲ್ಲಿ ಒದ್ದಾಡ್ತಿದೀವಿ. ನೀನು ಹುಲ್ಲಿಗೆ ಗೊಬ್ಬರ ಹಾಕ್ತಿದೀಯ" ಎಂದ. ಬೈದದ್ದಲ್ಲ. ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ, ಅಷ್ಟೇ.

ಒಂದೂವರೆ ವರ್ಷ ಈ ಹುಲ್ಲನ್ನು ಕೊಯ್ದದ್ದು ಹನುಮವ್ವ. ಪಕ್ಕದ ಕೇರಿಯವಳು. ಒಂದು ಎಮ್ಮೆ ಸಾಕಿಕೊಂಡಿದ್ದಳು. ಹದಿನೈದು ದಿನಕ್ಕೊಮ್ಮೆ ಕುಡುಗೋಲು ಹಿಡಿದು ಬಂದು, ಕುಕ್ಕರಗಾಲಲ್ಲಿ ಕೂತು, ಚಾಪೆ ಸುತ್ತಿದ ಹಾಗೆ ಇಡೀ ಹುಲ್ಲನ್ನು ಸುತ್ತಿ ಹೊತ್ತುಕೊಂಡು ಹೋಗುತ್ತಿದ್ದಳು. ಎಮ್ಮೆಗೂ ಹಿತ, ಹಿಮ್ಮಡಿಗೂ ಹಿತ. ಹೋದ ಮಳೆಗಾಲದ ಶುರುವಿನಲ್ಲಿ ಅವಳು ಎಮ್ಮೆ ಮಾರಿ, ಗುಡವಿ ಹತ್ತಿರದ ಮಗಳ ಊರಿಗೆ ಹೊರಟಳು. ಇನ್ನು ಹುಲ್ಲಿಗೆ ಏನು ಮಾಡುವುದು ಹನುಮವ್ವ ಎಂದು ನಾನು ಗಾಬರಿಯಿಂದ ಕೇಳಿದೆ. "ಎಮ್ಮೆ ಮಾರಿದ ಮ್ಯಾಲೆ ನಿಮ್ಮ ಹುಲ್ಲು ನಾನೇನು ತಿನ್ಲಾ ಸಾರ್" ಎಂದು ಕೇಳಿ, ಎಲೆಯಡಿಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅವಳು ಹೋದ ಮರುದಿನದಿಂದ ಹುಲ್ಲಿಗೆ ಧೈರ್ಯ ಬಂತು.

ಒಂದು ಯಂತ್ರ ತಂದರಾಯಿತು ಎಂದುಕೊಂಡೆ. ಎರಡು ದಿನದ ಕೆಲಸ ಎಂದು ಗಿರಿಜೆಗೂ ಹೇಳಿದೆ. ಮೊಬೈಲಿನಲ್ಲಿ ನೋಡಲು ಕೂತಾಗ ತಿಳಿಯಿತು, ಜಗತ್ತಿನಲ್ಲಿ ಹುಲ್ಲಿಗಿಂತ ಹುಲ್ಲು ಕತ್ತರಿಸುವ ಯಂತ್ರಗಳೇ ಹೆಚ್ಚು. ಪೆಟ್ರೋಲಿನದು ಒಂದು, ವಯರು ಎಳೆದುಕೊಂಡು ಓಡಾಡುವಂಥದ್ದು ಒಂದು, ಬ್ಯಾಟರಿಯದು ಒಂದು, ಬರಿ ಕೈಯಲ್ಲಿ ತಳ್ಳುವಂಥದ್ದು ಒಂದು. ಇವುಗಳಲ್ಲಿ ಫ್ಯಾನಿನ ಹಾಗೆ ಗಿರ್ರನೆ ತಿರುಗಿ ಹುಲ್ಲನ್ನು ಹೊಡೆದು ಹರಿಯುವಂಥವು ಬೇರೆ. ಉದ್ದುದ್ದ ಅಲಗುಗಳನ್ನು ಉರುಳೆಯಂತೆ ಜೋಡಿಸಿ, ಕತ್ತರಿ ಆಡಿಸಿದ ಹಾಗೆ ಹುಲ್ಲನ್ನು ಕತ್ತರಿಸುವ ರೀಲ್ ಮಷಿನ್ನುಗಳು ಬೇರೆ. ರೀಲಿನದು ಹುಲ್ಲಿಗೆ ನೋವು ಮಾಡುವುದಿಲ್ಲ ಎಂದು ವಿಡಿಯೋದಲ್ಲಿ ಒಬ್ಬ ಕೆಂಪು ಮುಖದವನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ನಾನು ಸೋತೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ಪುಣ್ಯಾತ್ಮ ಮುಂದಿನ ವಿಡಿಯೋದಲ್ಲಿ ಇನ್ನೊಂದನ್ನು ತೋರಿಸಿದ. ಬ್ಯಾಟರಿಯ ರೀಲ್ ಮಷಿನ್, ಉರುಳೆ ಮಾತ್ರ ಬದಲಾಯಿಸುವಂಥದ್ದು. ಒಂದು ಉರುಳೆ ಹಾಕಿದರೆ ಹುಲ್ಲು ಕತ್ತರಿಸುತ್ತದೆ. ಅದನ್ನು ತೆಗೆದು ಎರಡನೆಯದನ್ನು ಕೂರಿಸಿದರೆ ಬುಡದಲ್ಲಿ ಕಟ್ಟಿಕೊಂಡ ಒಣಹುಲ್ಲನ್ನು ಕೆರೆದು ತೆಗೆಯುತ್ತದೆ. ಮೂರನೆಯದು ಬ್ರಷ್ಷು, ಗುಡಿಸುತ್ತದೆ. ಒಂದೇ ಮಷಿನ್ನಿನಲ್ಲಿ ಮೂರು ಕೆಲಸ. ಆರಿಸಲಾರದವನಿಗೆ ಇದಕ್ಕಿಂತ ದೊಡ್ಡ ಆಮಿಷ ಯಾವುದಿದೆ? ಆದರೆ ಅಂಥ ಮಷಿನ್ನುಗಳೂ ಏಳೆಂಟು ಬಗೆಯವಿದ್ದವು. ಐದು ಅಲಗಿನ ರೀಲು, ಹತ್ತು ಅಲಗಿನ ರೀಲು. ಹನ್ನೆರಡು ಇಂಚಿನದು, ಹದಿನಾಲ್ಕು ಇಂಚಿನದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿ, ಕೆಂಪು ಶಾಯಿ ನೀಲಿ ಶಾಯಿಯಲ್ಲಿ ಗುಣದೋಷಗಳನ್ನು ಬರೆಯತೊಡಗಿದೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಬಿಡುವಿನ ಪಿರಿಯಡ್ಡಿನಲ್ಲಿ ಅದನ್ನೇ ತೆರೆದು ಕೂರುತ್ತಿದ್ದೆ. ನಾನು ಸಂಶೋಧನೆ ಮಾಡುತ್ತಿದ್ದೇನೆ ಎಂದು ಪ್ರಿನ್ಸಿಪಾಲರು ತಿಳಿದು, ಹತ್ತಿರ ಬಂದಾಗಲೆಲ್ಲ ಮೆಲ್ಲಗೆ ನಡೆಯುತ್ತಿದ್ದರು.

ಹೀಗೆ ನಾಲ್ಕು ತಿಂಗಳು ಹೋಯಿತು. ಹುಲ್ಲು ಮೊಣಕಾಲಿಗೆ ಬಂತು. ಒಂದು ಬೆಳಗ್ಗೆ ಕೇರೆಹಾವೊಂದು ಅದರೊಳಗಿಂದ ಹೊರಗೆ ಬಂದು, ನಮ್ಮನ್ನು ನೋಡಿ, ಮನೆಯ ಯಜಮಾನನ ಹಾಗೆ ಮತ್ತೆ ಒಳಗೆ ಹೋಯಿತು. ಗಿರಿಜೆ ಅಲ್ಲಿ ಓಡಾಡುವುದನ್ನು ಬಿಟ್ಟಳು. ಬೆಳಗ್ಗೆ ಗೋಡೆ ಹಿಡಿಯುವುದು ಮತ್ತೆ ಶುರುವಾಯಿತು. ನಾನು ನೋಟ್‌ಬುಕ್ಕಿನ ಎರಡನೆಯ ಭಾಗಕ್ಕೆ ಬಂದಿದ್ದೆ. ಒಂದು ಭಾನುವಾರ ಅವಳು ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದವಳು, ತಲೆ ಎತ್ತದೆ ಹೇಳಿದಳು.

"ರೀ, ನಿಮಗೆ ಮಷಿನ್ ಆರಿಸಕ್ಕೆ ಬರದಿಲ್ಲ ಅಂತ ಅಲ್ಲ. ಆನವಟ್ಟಿಗೆ ಹೋಗಕ್ಕೆ ಆಗ್ತಿಲ್ಲ, ಅಷ್ಟೇ."

ನಾನು ನೋಟ್‌ಬುಕ್ಕು ಮುಚ್ಚಿದೆ. ಏಕೆಂದರೆ ಅದು ನಿಜವಾಗಿತ್ತು.

ಆನವಟ್ಟಿಯಲ್ಲಿ ಗಿರಿಜೆಯ ತಮ್ಮ ನಾಗರಾಜನ ಅಂಗಡಿ ಇದೆ. ಪಂಪ್‌ಸೆಟ್ಟು, ಪೈಪು, ಔಷಧಿ ಹೊಡೆಯುವ ಮಷಿನ್ನು, ಕಳೆ ಕೊಚ್ಚುವ ಮಷಿನ್ನು ಎಲ್ಲ ಮಾರುತ್ತಾನೆ. ಯಂತ್ರದ ಮಾತು ಬಂದರೆ ಸುತ್ತ ಹತ್ತು ಹಳ್ಳಿಯವರು ಮೊದಲು ಅವನ ಬಳಿಗೆ ಹೋಗುತ್ತಾರೆ. ನಾನು ಮಾತ್ರ ಎರಡು ವರ್ಷದಿಂದ ಹೋಗಿರಲಿಲ್ಲ. ಅವನೂ ನಮ್ಮ ಮನೆಗೆ ಬಂದಿರಲಿಲ್ಲ. ಅಕ್ಕನಿಗೆ ಫೋನು ಮಾಡುತ್ತಿದ್ದ. ನಾನು ಎತ್ತಿದರೆ, "ಅಕ್ಕ ಇದಾಳಾ ಭಾವ" ಎಂದು ಕೇಳುತ್ತಿದ್ದ, ಇದ್ದಾಳೆ ಎಂದು ನಾನು ಕೊಡುತ್ತಿದ್ದೆ. ಭಾವ ಭಾವಮೈದುನರ ನಡುವೆ ಎರಡು ವರ್ಷ ನಡೆದ ಮಾತುಕತೆ ಇಷ್ಟೇ. ಬೇರೆ ಅಂಗಡಿಯಲ್ಲಿ ಮಷಿನ್ ಕೊಂಡರೆ ಅವನಿಗೆ ಅವಮಾನ, ಅವನ ಅಂಗಡಿಗೆ ಹೋದರೆ ನನಗೆ ಸಂಕೋಚ. ಹೀಗಾಗಿ ಯಾವುದನ್ನೂ ಕೊಳ್ಳದೆ ನೋಟ್‌ಬುಕ್ಕು ತುಂಬಿಸುತ್ತಿದ್ದೆ.

ಇದಕ್ಕೆ ಕಾರಣ ನನ್ನ ನಾಲಗೆ ಎಂದು ನಾನು ನಂಬಿದ್ದೆ. ಕನ್ನಡ ಮೇಷ್ಟ್ರುಗಳಿಗೆ ಚಮತ್ಕಾರದ ಮಾತು ಆಡುವ ಚಟವಿರುತ್ತದೆ. ತರಗತಿಯಲ್ಲಿ ನಲವತ್ತು ಮಕ್ಕಳು ಅಂಕದ ಭಯಕ್ಕೆ ನಕ್ಕಿದ್ದನ್ನು ನಿಜವೆಂದು ತಿಳಿದು, ಆ ಚಟವನ್ನು ಮನೆಗೂ ತರುತ್ತೇವೆ. ಗೃಹಪ್ರವೇಶದ ದಿನ ನಾಗರಾಜನ ಅಂಗಡಿಯಿಂದ ತಂದ ನೀರಿನ ಮೋಟರು ಭಾರಿ ಸದ್ದು ಮಾಡುತ್ತಿತ್ತು. ನಾನು ನೆಂಟರ ನಡುವೆ ನಿಂತು, "ಇದು ನೀರೆತ್ತುವ ಮೋಟರಲ್ಲ, ಊರೆಬ್ಬಿಸುವ ಮೋಟರು" ಎಂದೆ. ನೀರು, ಊರು. ಎತ್ತು, ಎಬ್ಬಿಸು. ಈಗ ಹೇಳಲು ನಾಚಿಕೆಯಾದರೂ, ಅದು ಚೆನ್ನಾಗಿಯೇ ಇತ್ತು. ನಾಗರಾಜ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಮುಖ ಗಂಟಿಕ್ಕಿಕೊಂಡಿದ್ದ. ಎಲೆಯ ಮುಂದೆ ಕೂತು ಎರಡು ತುತ್ತು ಉಂಡ ಶಾಸ್ತ್ರ ಮಾಡಿ ಎದ್ದು ಹೋದವನು ಮತ್ತೆ ಬರಲಿಲ್ಲ. ಅವನ ಮನಸ್ಸನ್ನು ಕೊಂದದ್ದು ನನ್ನ ಆ ಒಂದು ವಾಕ್ಯ ಎಂದು ಎರಡು ವರ್ಷ ಪಶ್ಚಾತ್ತಾಪ ಪಟ್ಟಿದ್ದೇನೆ. ಆ ಪಶ್ಚಾತ್ತಾಪದ ಅಡಿಯಲ್ಲಿ, ಒಂದೇ ವಾಕ್ಯದಲ್ಲಿ ಕೊಂದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ನಿಮ್ಮ ಹತ್ತಿರ ಸುಳ್ಳು ಹೇಳಿ ಏನು ಪ್ರಯೋಜನ?

ಮುಂದಿನ ಭಾನುವಾರ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಆನವಟ್ಟಿ ಬಸ್ಸು ಹತ್ತಿದೆ. ಶಿರಾಳಕೊಪ್ಪದವರೆಗೆ ಏನು ಮಾತಾಡಬೇಕೆಂದು ಯೋಚಿಸಿದೆ. ಅಲ್ಲಿಂದ ಮುಂದೆ ಅಂಗಡಿಗೆ ಬಾಗಿಲು ಹಾಕಿರಲಿ ಎಂದು ಬೇಡಿಕೊಂಡೆ. ಬಾಗಿಲು ತೆರೆದಿತ್ತು. ನಾಗರಾಜ ನೆಲದ ಮೇಲೆ ಕೂತು ಯಾರದೋ ಮಷಿನ್ನಿನ ಹೊಟ್ಟೆ ಬಿಚ್ಚಿದ್ದ. ನನ್ನನ್ನು ನೋಡಿ ಎದ್ದು, ಕೈಯ ಗ್ರೀಸು ಒರೆಸಿಕೊಂಡು, "ಬನ್ನಿ ಭಾವ, ಕೂತ್ಕಳಿ" ಎಂದು ಸ್ಟೂಲು ಎಳೆದ. ಗಿರಾಕಿಗೆ ಕೊಡುವ ಮರ್ಯಾದೆ ಪೂರಾ ಇತ್ತು. ನೆಂಟನಿಗೆ ಕೊಡುವ ಸಲಿಗೆ ಇರಲಿಲ್ಲ.

ನಾನು ನೋಟ್‌ಬುಕ್ಕು ತೆಗೆದೆ. ಅವನು ಒಂದೊಂದೇ ಹಾಳೆ ತಿರುವಿ, ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ ನೋಡಿದ. ಜಾಗ ಎಷ್ಟಿದೆ ಎಂದು ಕೇಳಿದ. ಹೇಳಿದೆ. ಹುಲ್ಲು ಎಷ್ಟೆತ್ತರ ಬಂದಿದೆ ಎಂದು ಕೇಳಿದ. ಮೊಣಕಾಲು ಮುಟ್ಟಿ ತೋರಿಸಿದೆ. ರೀಲಿನದು ಗಿಡ್ಡ ಹುಲ್ಲಿಗೆ ಮಾತ್ರ, ಅಷ್ಟೆತ್ತರದ ಹುಲ್ಲಾದರೆ ಅದರ ಕೆಳಗೆ ಮಲಗಿಬಿಡುತ್ತದೆ, ಮೊದಲು ಕುಡುಗೋಲಿನಲ್ಲಿ ಕೊಯ್ಯಬೇಕು, ಆಮೇಲೆ ವಾರಕ್ಕೊಮ್ಮೆ ಬಿಡದೆ ಹೊಡೆಯಬೇಕು ಎಂದು ತಿಳಿಸಿ ಹೇಳಿದ. ನಾಲ್ಕು ತಿಂಗಳ ಓದಿನಲ್ಲಿ ಈ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಮಷಿನ್ ಆರಿಸುತ್ತಿದ್ದ ಅಷ್ಟೂ ದಿನ ಹುಲ್ಲು ಆ ಮಷಿನ್ನಿಗೆ ನಿಲುಕದ ಎತ್ತರಕ್ಕೆ ಬೆಳೆಯುತ್ತಿತ್ತು. ಅಷ್ಟು ಚಿಕ್ಕ ಜಾಗಕ್ಕೆ ಮೂರು ಉರುಳೆ ಏಕೆ, ಕೈಯಲ್ಲಿ ತಳ್ಳುವುದು ಸಾಕು ಎಂದೂ ಹೇಳಿ ನೋಡಿದ. ನನ್ನ ಮುಖ ನೋಡಿ ಸುಮ್ಮನಾಗಿ, ಮೂರು ಉರುಳೆಯದನ್ನೇ ತರಿಸಿಕೊಡುತ್ತೇನೆ ಎಂದ.

ಚಹಾ ಬಂತು. ಇನ್ನು ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, "ನಾಗರಾಜ, ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದೆ.

"ಎಂತದು ಭಾವ?"

"ಅದೇ, ಮೋಟರಿನ ವಿಷಯಕ್ಕೆ."

ಅವನಿಗೆ ನೆನಪಾಗಲಿಲ್ಲ. ನಾಟಕ ಮಾಡುತ್ತಿದ್ದಾನೆಂದು ನಾನು ವಾಕ್ಯವನ್ನು ಪೂರ್ತಿ ಹೇಳಿದೆ. ಅವನ ಮುಖದಲ್ಲಿ ಏನೂ ಕದಲಲಿಲ್ಲ. ನೀರು, ಊರು ಎಂದು ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿ, ಹೌದು, ಆ ಮೋಟರು ಸದ್ದು ಮಾಡುತ್ತಿತ್ತು, ಆ ಸಲ ಬಂದವೆಲ್ಲ ಹಾಗೇ ಇದ್ದವು, ವಾಪಸು ಕಳಿಸಿದೆ ಎಂದ. ಅಷ್ಟು ಹೇಳಿ ಚಹಾ ಮುಗಿಸಿ ಲೋಟ ಕೆಳಗಿಟ್ಟ.

"ಅದಕ್ಕಲ್ಲ ಭಾವ. ಅಪ್ಪ ಹೋದ ಮೇಲೆ ಅಕ್ಕನ ತವರು ಅಂದ್ರೆ ನಾನೊಬ್ನೇ. ನಿಮ್ಮ ಗೃಹಪ್ರವೇಶಕ್ಕೆ ನನ್ನ ಮೊಬೈಲಿಗೆ ಕಾರ್ಡಿನ ಒಂದು ಫೋಟೋ ಬಂತು. ಅದರ ಮ್ಯಾಲೆ ಫಾರ್ವರ್ಡೆಡ್ ಅಂತ ಇತ್ತು."

ಅವನು ದನಿ ಏರಿಸಿರಲಿಲ್ಲ. ನಟ್ಟಿನ ಅಳತೆ ಹೇಳುವಷ್ಟೇ ಸಮವಾಗಿ ಹೇಳಿದ. ಆನವಟ್ಟಿಗೆ ಇಬ್ಬರೂ ಹೋಗಿ ಕುಂಕುಮ ಕೊಟ್ಟು ಕರೆದು ಬರೋಣ ಎಂದು ಗಿರಿಜೆ ಆಗ ಎರಡು ಸಲ ಹೇಳಿದ್ದಳು. ನನಗೆ ಪೇಪರು ತಿದ್ದುವ ಕೆಲಸವಿತ್ತು. ಈಗ ಎಲ್ಲರೂ ಹೀಗೇ ಕರೆಯುತ್ತಾರೆ, ನಿನ್ನ ತಮ್ಮ ತಪ್ಪು ತಿಳಿಯುವವನಲ್ಲ ಎಂದು ಹೇಳಿ, ಹಾಲು ಹಾಕುವವರಿಂದ ಹಿಡಿದು ಎಲ್ಲರಿಗೂ ಕಳಿಸಿದ ಅದೇ ಫೋಟೋವನ್ನು ಅವನಿಗೂ ಒತ್ತಿದ್ದೆ. ಮೂರನೆಯ ಸಲ ಅವಳು ಹೇಳಿರಲಿಲ್ಲ. ಇಂಥವನ್ನು ಅವಳು ಮೂರನೆಯ ಸಲ ಹೇಳುವುದಿಲ್ಲ.

ತಪ್ಪಾಯಿತು ಎಂದೆ. ಇರಲಿ ಬಿಡಿ ಎಂದ. ಎರಡೂ ಮಾತು ಅಂಗಡಿಯ ಆ ಗ್ರೀಸಿನ ವಾಸನೆಯಲ್ಲಿ ಸುಮ್ಮನೆ ನಿಂತವು. ವಾಪಸು ಬರುವಾಗ ಬಸ್ಸಿನಲ್ಲಿ ಮೈಯೆಲ್ಲ ಸೋತುಹೋಗಿತ್ತು. ತಪ್ಪು ಮಾಡಿ ಎರಡು ವರ್ಷ ಕೊರಗುವುದು ಒಂದು ಆಯಾಸ. ಕೊರಗಿದ್ದು ಬೇರೆ ತಪ್ಪಿಗೆ ಎಂದು ಗೊತ್ತಾದರೆ ಮೊದಲಿನಿಂದ ಶುರು ಮಾಡಬೇಕು.

ಹತ್ತು ದಿನಕ್ಕೆ ಮಷಿನ್ ಬಸ್ಸಿನಲ್ಲಿ ಬಂತು. ನಾಗರಾಜ ಬರಲಿಲ್ಲ. ಫೋನು ಮಾಡಿ, ಎಲ್ಲ ಒಮ್ಮೆ ನಡೆಸಿ ನೋಡಿದ್ದೇನೆ, ಅಲಗಿಗೆ ಎಣ್ಣೆ ಸವರಿಟ್ಟಿದ್ದೇನೆ, ಇನ್ನೂ ಏನೇನೋ ಹೇಳಿದ. ನಾನು ಅವನ ಮಾತಿನಲ್ಲಿ ಸಲಿಗೆ ಮರಳಿದೆಯೇ ಎಂದು ಹುಡುಕುತ್ತ ವಿಷಯದ ಕಡೆ ಗಮನ ಕೊಡಲಿಲ್ಲ. ಅಂದೇ ಅಣ್ಣನ ಮನೆಯಿಂದ ಕುಡುಗೋಲು ತರಿಸಿ ಹುಲ್ಲಿಗೆ ಇಳಿದೆ. ಹನುಮವ್ವ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಜಾಗ ನನಗೆ ನಾಲ್ಕು ಸಂಜೆ ಹಿಡಿಯಿತು. ರೈತನ ಮಗನಾಗಿ ಹುಟ್ಟಿ, ಕುಕ್ಕರಗಾಲಲ್ಲಿ ಕೂತರೆ ಏಳಲು ಹೆಂಡತಿಯ ಕೈ ಬೇಕಾಗುವ ಸ್ಥಿತಿಗೆ ಬಂದಿದ್ದೆ. ಹಿಮ್ಮಡಿ ನೋವಿನವಳು ನನ್ನನ್ನು ಎತ್ತಿ ನಿಲ್ಲಿಸುತ್ತಿದ್ದಳು. ಕೇರೆಹಾವು ಎರಡನೆಯ ದಿನ ಬೇಲಿ ದಾಟಿ ಹೋಯಿತು.

ಐದನೆಯ ದಿನ ನಾನು ಗಿರಿಜೆಗೆ ಸೀರೆ ಉಟ್ಟುಕೊಳ್ಳಲು ಹೇಳಿದೆ. ತಟ್ಟೆಯಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮ, ಬಾಳೆಹಣ್ಣು ಇಟ್ಟು, ಅದನ್ನು ಚೀಲದಲ್ಲಿ ಜೋಪಾನವಾಗಿ ಹಿಡಿದು ಇಬ್ಬರೂ ಆನವಟ್ಟಿ ಬಸ್ಸಿನಲ್ಲಿ ಕೂತೆವು. ಟಿಕೆಟ್ ಹರಿಯುತ್ತ ಕಂಡಕ್ಟರು, ಮನೆಯಲ್ಲಿ ಏನು ವಿಶೇಷ ಸಾರ್, ಮದುವೆಯಾ ಎಂದು ಕೇಳಿದರು. ಹುಲ್ಲು ಕತ್ತರಿಸುವುದಿದೆ ಎಂದೆ. ಅವರು ನಮ್ಮಿಬ್ಬರನ್ನೂ ನೋಡಿ, ಹಾಗಾದರೆ ಸರಿ ಎಂದು ಮುಂದೆ ಹೋದರು. ಗಿರಿಜೆ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆಂದು ತಿಳಿದೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎರಡೂ ಇರಬೇಕು.

ನಾಗರಾಜನ ಮನೆಯಲ್ಲಿ ಅವನ ಹೆಂಡತಿ ಚಾಪೆ ಹಾಸಿದಳು. ಗಿರಿಜೆ ಕುಂಕುಮ ಕೊಟ್ಟಳು. ನಾನು ಎದ್ದು ನಿಂತು, ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ನೀವೆಲ್ಲ ಬರಬೇಕು ಎಂದು ಹೇಳಿದೆ. ನಾಗರಾಜ ತಟ್ಟೆಯ ತೆಂಗಿನಕಾಯಿಯನ್ನೇ ನೋಡುತ್ತಿದ್ದ. "ಇಷ್ಟಕ್ಕೆ ಬಸ್ ಹತ್ಕಂಡು ಬಂದ್ರಾ ಭಾವ? ಫೋನ್ ಮಾಡಿದ್ರೆ ಸಾಕಿತ್ತು" ಎಂದ. ಹಾಗೆಂದವನ ಮುಖ ಸಡಿಲವಾಗಿತ್ತು.

ಭಾನುವಾರ ಬೆಳಗ್ಗೆಯೇ ಎದ್ದೆ. ಅವನು ಬರುವುದರೊಳಗೆ ಹುಲ್ಲು ಜಮಖಾನದ ಹಾಗೆ ಆಗಿರಬೇಕು ಎಂಬ ಆಸೆ. ಪೆಟ್ಟಿಗೆ ತೆರೆದೆ. ಮೂರು ಉರುಳೆ. ಒಂದು ಬ್ರಷ್ಷು, ಅದು ಮಕ್ಕಳಿಗೂ ಗೊತ್ತಾಗುತ್ತದೆ. ಒಂದಕ್ಕೆ ದಪ್ಪ ಪ್ಲಾಸ್ಟಿಕ್ಕು ಸುತ್ತಿ ದಾರ ಕಟ್ಟಿತ್ತು. ಇನ್ನೊಂದರಲ್ಲಿ ತೆಳ್ಳನೆಯ ಉಕ್ಕಿನ ಬಿಲ್ಲೆಗಳು ಸಾಲಾಗಿ ಮಿರಿಮಿರಿ ಮಿಂಚುತ್ತಿದ್ದವು. ನೋಟ್‌ಬುಕ್ಕನ್ನು ಒಮ್ಮೆ ನೋಡಬಹುದಿತ್ತು. ನಾಲ್ಕು ತಿಂಗಳು ಓದಿದವನಿಗೆ ಪುಸ್ತಕ ನೋಡಿ ಉತ್ತರ ಬರೆಯುವ ಗತಿಯೇ ಎಂಬ ಬಿಂಕ ಅಡ್ಡ ಬಂತು. ಮಿಂಚುವುದನ್ನು ಕೂರಿಸಿದೆ. ಸ್ವಿಚ್ಚು ಒತ್ತಿದೆ. ಸದ್ದು ಹಿತವಾಗಿತ್ತು. ಹಿಂದಿನ ಡಬ್ಬಿಗೆ ಹುಲ್ಲು ಬುಸುಬುಸು ತುಂಬಿತು. ಖಾಲಿ ಮಾಡಿದೆ, ಮತ್ತೆ ತುಂಬಿತು. ಎಂಥ ಯಂತ್ರ ಆರಿಸಿದೆನಪ್ಪ ಎಂದು ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಹೊಡೆದೆ. ದೂರ ನಿಂತು ನೋಡಿದಾಗ ನೆಲ ಕಂದು ಬಣ್ಣಕ್ಕೆ ತಿರುಗಿದಂತೆ ಕಂಡಿತು. ಕ್ಷೌರ ಮಾಡಿಸಿದ ಮೊದಲ ದಿನ ತಲೆ ಹಾಗೇ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಂಡು ಸ್ನಾನಕ್ಕೆ ಹೋದೆ.

ನಾಗರಾಜ ಹನ್ನೊಂದಕ್ಕೆ ಹೆಂಡತಿಯ ಜೊತೆ ಬಂದ. ಒಳಗೆ ಬರುವ ಮೊದಲೇ ಪಕ್ಕದ ಜಾಗಕ್ಕೆ ಹೋದ. ನಾನು ಹಿಂದೆ ಕೈ ಕಟ್ಟಿ ನಿಂತೆ. ಅವನು ಒಂದು ಸುತ್ತು ಬಂದ. ಕೂತು ನೆಲ ಮುಟ್ಟಿದ. ಅಲ್ಲಲ್ಲಿ ಉಳಿದಿದ್ದ ನಾಲ್ಕು ಎಸಳನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದ. ಅವು ಮತ್ತೆ ಬಿದ್ದವು. ಆಮೇಲೆ ಮಷಿನ್ನನ್ನು ಮಗುಚಿ ನೋಡಿ, ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಸುತ್ತಿದ್ದ ಉರುಳೆಯನ್ನು ಹೊರತೆಗೆದ.

"ಭಾವ, ಹುಲ್ಲು ಕತ್ತರಿಸೋ ಉರುಳೆ ಇದು. ನಾ ಕಟ್ಟಿದ ದಾರ ಸೈತ ಬಿಚ್ಚಿಲ್ಲ ನೀವು. ನೀವು ಹೊಡೆದಿದ್ದು ಬುಡ ಕೆರೆಯೋದ್ರಲ್ಲಿ."

ಬಾಗಿಲಲ್ಲಿ ನಿಂತಿದ್ದ ಗಿರಿಜೆ ಮೊದಲು ನಕ್ಕಳು. ನಾಗರಾಜ ತಡೆದುಕೊಂಡಿದ್ದವನು ಅಕ್ಕನ ಮುಖ ನೋಡಿದ, ಅಷ್ಟೇ. ಅವನ ಕೈಯಿಂದ ಉರುಳೆ ಜಾರಿ, ಅವನು ಆ ಬೋಳು ನೆಲದ ಮೇಲೆಯೇ ಕುಸಿದು ಕೂತು ನಗತೊಡಗಿದ. ಊಟಕ್ಕೆ ಕೂತಾಗ ಅನ್ನ ಕಲಸುವುದನ್ನು ನಿಲ್ಲಿಸಿ ನಕ್ಕರು. ಹೋಳಿಗೆ ಬಡಿಸಲು ಬಂದ ಗಿರಿಜೆ ಹೋಳಿಗೆ ಹಿಡಿದುಕೊಂಡೇ ನಕ್ಕಳು. ನಾಗರಾಜ ಮೂರು ಹೋಳಿಗೆ ತಿಂದ, ಮಧ್ಯಾಹ್ನ ನಡುಮನೆಯಲ್ಲಿ ಮಲಗಿದ, ಸಂಜೆ ಚಹಾ ಕುಡಿದು ಎದ್ದ. ಹುಲ್ಲು ಬೇರಿನಿಂದ ಮತ್ತೆ ಚಿಗುರುತ್ತದೆ, ಎರಡು ತಿಂಗಳು ಅದರ ತಂಟೆಗೆ ಹೋಗಬೇಡಿ, ಆಮೇಲೆ ನಾನೇ ಬಂದು ಹೊಡೆದುಕೊಡುತ್ತೇನೆ ಎಂದು ಹೇಳಿ, ಉರುಳೆಗಳಿದ್ದ ಪೆಟ್ಟಿಗೆಯನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದ. ನನ್ನನ್ನು ಕೇಳಲಿಲ್ಲ.

ಅವರು ಹೋದ ಮೇಲೆ ನಾನು ಕುರ್ಚಿ ಹಾಕಿಕೊಂಡು ಆ ಕಂದು ನೆಲದ ಮುಂದೆ ಬಹಳ ಹೊತ್ತು ಕೂತಿದ್ದೆ. ಜನರನ್ನು ನಗಿಸಬೇಕೆಂದು ಮೂವತ್ತು ವರ್ಷದಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಎಷ್ಟು ಪದ ಜೋಡಿಸಿದ್ದೇನೆ, ಎಷ್ಟು ಪ್ರಾಸ ಹೊಂದಿಸಿದ್ದೇನೆ. ಕೊನೆಗೆ ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಯಾವತ್ತು ಎಂದರೆ, ನಾನು ಒಂದೂ ಮಾತಾಡದೆ, ಬೆಳಗ್ಗೆಯೇ ಎದ್ದು, ಶ್ರದ್ಧೆಯಿಂದ ಕೆಲಸ ಮಾಡಿದ ದಿನ.